ಆನ್‌ಲೈನ್ ತರಗತಿಯನ್ನು ಕಂಡುಹಿಡಿದವರು ಯಾರು?

2006ರ ಜುಲೈ 26ರಂದು ಅಮೆರಿಕದ ಬ್ಲಾಕ್‌ಬೋರ್ಡ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಇಂಟರ್‌ನೆಟ್ ಮೂಲಕ ಪಾಠ ನಡೆಸುವ ವ್ಯವಸ್ಥೆಯ ಮೇಲೆ ತನಗೆ ಪೇಟೆಂಟ್ ಸಿಕ್ಕಿದೆ ಎಂಬುದು ಅದರ ಸಾರ. 6,988,138 ಸಂಖ್ಯೆಯ ಆ ಪೇಟೆಂಟ್ ಮಂಜೂರಾದದ್ದು ಅದೇ ವರ್ಷದ ಜನವರಿಯಲ್ಲಿ. ಪ್ರಕಟಣೆ ಹೊರಬಿದ್ದ ದಿನವೇ ಕಂಪನಿ ಕೆನಡಾದ ತನ್ನ ಪ್ರತಿಸ್ಪರ್ಧಿ ಡಿಸೈರ್‌ಟುಲರ್ನ್ ಮೇಲೆ ಟೆಕ್ಸಾಸ್‌ನ ಕೋರ್ಟಿನಲ್ಲಿ ದಾವೆ ಹೂಡಿತು.

ಕಾಲೇಜುಗಳ ಕಂಪ್ಯೂಟರ್ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ಇದು ಗಾಬರಿಯ ಸುದ್ದಿ. ಪಾಠದ ಟಿಪ್ಪಣಿ ಹಾಕುವುದು, ಅಸೈನ್‌ಮೆಂಟ್ ಪಡೆಯುವುದು, ಅಂಕ ತೋರಿಸುವುದು, ವಿದ್ಯಾರ್ಥಿಗಳು ತಮ್ಮೊಳಗೆ ಚರ್ಚಿಸಲು ಜಾಗ ಮಾಡಿಕೊಡುವುದು, ಇವೆಲ್ಲ ಅಷ್ಟರಲ್ಲಾಗಲೇ ನೂರಾರು ಕಡೆ ನಡೆಯುತ್ತಿದ್ದವು. ಇದನ್ನು ಕಂಡುಹಿಡಿದವರು ನಾವೇ ಎಂದು ಒಂದು ಕಂಪನಿ ಹೇಳಿದರೆ ಇತರರು ಏನು ಮಾಡಬೇಕು? ಅವರು ಇತಿಹಾಸ ಬರೆಯಲು ಕೂತರು. ಕೆಲವೇ ದಿನಗಳಲ್ಲಿ ವಿಕಿಪೀಡಿಯದಲ್ಲಿ ಆನ್‌ಲೈನ್ ಕಲಿಕಾ ವ್ಯವಸ್ಥೆಗಳ ಇತಿಹಾಸದ ಪುಟವೊಂದು ಶುರುವಾಯಿತು. ನಮ್ಮಲ್ಲಿ ಇದು ಇತ್ತು, ನಮ್ಮ ಹತ್ತಿರ ದಾಖಲೆ ಇದೆ ಎಂದು ಹಳಬರು ಒಬ್ಬೊಬ್ಬರಾಗಿ ಬಂದು ಬರೆದರು. ಈ ತಂತ್ರಾಂಶಗಳ ಹಿಂದಿನ ಕಥೆ ಇಂದು ನಮಗೆ ಇಷ್ಟು ವಿವರವಾಗಿ ಸಿಗುವುದಕ್ಕೆ ಆ ಮೊಕದ್ದಮೆಗೂ ಸ್ವಲ್ಪ ಋಣಿಯಾಗಿರಬೇಕು.

ಆ ಕಥೆ 1960ರಷ್ಟು ಹಿಂದಕ್ಕೆ ಹೋಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರ್ ಪ್ಲೇಟೋ ಎಂಬ ವ್ಯವಸ್ಥೆ ಕಟ್ಟಿದರು. ಮೊದಲಿಗೆ ಒಂದೇ ಟರ್ಮಿನಲ್, ಅದರ ಹಿಂದೆ ಕೋಣೆ ತುಂಬುವ ಇಲಿಯಾಕ್ ಕಂಪ್ಯೂಟರ್. 1972ರ ಹೊತ್ತಿಗೆ ಪ್ಲೇಟೋದ ನಾಲ್ಕನೆಯ ಆವೃತ್ತಿಯಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪ್ಲಾಸ್ಮಾ ಪರದೆ ಬಂದಿತ್ತು. ಮಗು ಬೆರಳಿಟ್ಟು ಉತ್ತರ ತೋರಿಸಬಹುದಿತ್ತು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಮೇಷ್ಟ್ರುಗಳೂ ಪಾಠ ಬರೆಯಲೆಂದು ಟ್ಯೂಟರ್ ಎಂಬ ಭಾಷೆಯನ್ನೇ ರೂಪಿಸಿದ್ದರು. 1973ರಲ್ಲಿ ನೋಟ್ಸ್ ಎಂಬ ಚರ್ಚಾ ಸೌಲಭ್ಯ ಸೇರಿದ ಮೇಲೆ ವಿದ್ಯಾರ್ಥಿಗಳು ಪಾಠ ಮುಗಿಸಿಯೂ ಅಲ್ಲೇ ಹರಟುತ್ತ ಕೂರತೊಡಗಿದರು.

ಪ್ಲೇಟೋದ ಕೇಂದ್ರದಲ್ಲಿ ಇದ್ದದ್ದು ಪಾಠ. ಪರದೆ ಪ್ರಶ್ನೆ ಕೇಳುತ್ತದೆ, ಮಗು ಉತ್ತರಿಸುತ್ತದೆ, ಉತ್ತರ ನೋಡಿಕೊಂಡು ಪರದೆ ಮುಂದಕ್ಕೆ ಹೋಗುತ್ತದೆ. ಹಾಜರಿ, ಅಂಕಪಟ್ಟಿ ಇವೆಲ್ಲ ಅದರ ಬೆನ್ನಿಗೆ ಬಂದವು.

ವೆಬ್ ಬಂದ ಮೇಲೆ ಈ ಅನುಕ್ರಮ ತಿರುಗಿತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕ ಮರ್ರೆ ಗೋಲ್ಡ್‌ಬರ್ಗ್ ತಮ್ಮ ವಿದ್ಯಾರ್ಥಿಗಳಿಗಾಗಿ ವೆಬ್ಬಿನಲ್ಲಿ ಪಾಠ ಕಟ್ಟಲು ಹೊರಟರು. ಪ್ರತಿ ಕೋರ್ಸಿಗೂ ಎಲ್ಲವನ್ನೂ ಮೊದಲಿನಿಂದ ಕಟ್ಟುವುದಕ್ಕೆ ಬದಲು, ಯಾವ ವಿಷಯದವರಾದರೂ ತಂತಮ್ಮ ಪಾಠ ತುಂಬಿಕೊಳ್ಳಬಹುದಾದ ಚೌಕಟ್ಟನ್ನೇ ಮಾಡಿದರು. 1996ರ ಹೊತ್ತಿಗೆ ಅದಕ್ಕೆ ವೆಬ್‌ಸಿಟಿ ಎಂಬ ಹೆಸರು ಬಿತ್ತು. 1997ರಲ್ಲಿ ವಾಷಿಂಗ್ಟನ್‌ನಲ್ಲಿ ಬ್ಲಾಕ್‌ಬೋರ್ಡ್ ಹುಟ್ಟಿ, ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಳೆದಿದ್ದ ಕೋರ್ಸ್‌ಇನ್ಫೋ ಜೊತೆ ಸೇರಿಕೊಂಡಿತು. ಈ ಎರಡೂ ಮಾರಾಟವಾದದ್ದು ಕಾಲೇಜಿನ ಆಡಳಿತಕ್ಕೆ. ಹೀಗಾಗಿ ಅವುಗಳ ಬೆನ್ನೆಲುಬು ರಿಜಿಸ್ಟರ್: ಯಾರು ಯಾವ ಕೋರ್ಸಿನಲ್ಲಿದ್ದಾರೆ, ಯಾರಿಗೆ ಏನು ನೋಡುವ ಅಧಿಕಾರವಿದೆ, ಯಾರಿಗೆಷ್ಟು ಅಂಕ. ಪಾಠವನ್ನು ತಂದು ಆ ಚೌಕಟ್ಟಿನ ಖಾನೆಗಳಿಗೆ ತುಂಬಬೇಕು.

ಮೂರನೆಯ ಕವಲು ಆಸ್ಟ್ರೇಲಿಯಾದ್ದು. ಮಾರ್ಟಿನ್ ಡೂಗಿಯಾಮಸ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ವಸತಿಯಲ್ಲಿ. ಹತ್ತಿರದಲ್ಲಿ ಶಾಲೆ ಇಲ್ಲ. ಅಲ್ಲಿನ ಮಕ್ಕಳಿಗೆ ರೇಡಿಯೊ ಮೇಲೆ ಪಾಠ, ವಿಮಾನದಲ್ಲಿ ಬಂದು ಬೀಳುವ ಪುಸ್ತಕದ ಕಟ್ಟು. ಮುಂದೆ ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ನೋಡಿಕೊಳ್ಳುವ ಕೆಲಸದಲ್ಲಿದ್ದಾಗ ಅದರ ಮಿತಿಗಳು ಅವರಿಗೆ ಕಂಡವು. 1999ರಲ್ಲಿ ತಮ್ಮದೇ ವ್ಯವಸ್ಥೆ ಬರೆಯತೊಡಗಿದರು. 2002ರ ಆಗಸ್ಟಿನಲ್ಲಿ ಅದರ 1.0 ಆವೃತ್ತಿ ಹೊರಬಂತು. ಅದೇ ಮೂಡಲ್. ಕನ್ನಡದಲ್ಲಿ ಬರೆದರೆ ದಿಕ್ಕಿನ ಹೆಸರಾಗುವ ಈ ಪದ ನಿಜವಾಗಿ ಒಂದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಜೋಡಣೆ. ಜನ ಒಬ್ಬರ ಜೊತೆಗೊಬ್ಬರು ಕಟ್ಟುತ್ತಾ ಕಲಿಯುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಆದ್ದರಿಂದ ಅಲ್ಲಿ ಚರ್ಚೆಯ ಕಟ್ಟೆಗೆ ಪಾಠದಷ್ಟೇ ಜಾಗ. ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಸರ್ವರಿನಲ್ಲಿ ನಡೆಸಬಹುದು, ತಿದ್ದಬಹುದು. ಮುಂಬೈ, ದಿಲ್ಲಿ, ಮದ್ರಾಸಿನ ಐಐಟಿಗಳ ವಿದ್ಯಾರ್ಥಿಗಳಿಗೆ ಇದರ ಹೆಸರು ಹೊಸದಲ್ಲ.

ಈಗ ಮೊಕದ್ದಮೆಗೆ ಬರೋಣ. 2006ರ ಆರಂಭದಲ್ಲಿ ಬ್ಲಾಕ್‌ಬೋರ್ಡ್ ವೆಬ್‌ಸಿಟಿಯನ್ನೇ ಕೊಂಡುಕೊಂಡಿತ್ತು. ಜೊತೆಗೆ ಪೇಟೆಂಟೂ ನಿಂತರೆ ಉಳಿದವರ ಗತಿ ಏನು? ಮೂಡಲ್‌ನಂಥ ಮುಕ್ತ ತಂತ್ರಾಂಶಗಳ ಪರವಾಗಿ ಸಾಫ್ಟ್‌ವೇರ್ ಫ್ರೀಡಮ್ ಲಾ ಸೆಂಟರ್ ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಹಾಕಿತು. 2007ರ ಫೆಬ್ರವರಿಯಲ್ಲಿ ಕಂಪನಿ ಮುಕ್ತ ತಂತ್ರಾಂಶಗಳ ಮೇಲೆ ಪೇಟೆಂಟ್ ಪ್ರಯೋಗಿಸುವುದಿಲ್ಲ ಎಂದು ಮಾತು ಕೊಟ್ಟಿತಾದರೂ ದಾವೆ ಬಿಡಲಿಲ್ಲ. 2008ರ ಫೆಬ್ರವರಿಯಲ್ಲಿ ಜ್ಯೂರಿ ಬ್ಲಾಕ್‌ಬೋರ್ಡ್ ಪರ ತೀರ್ಪಿತ್ತು ಸುಮಾರು 31 ಲಕ್ಷ ಡಾಲರ್ ಪರಿಹಾರ ವಿಧಿಸಿತು.

ಭಾಷಾವಿಜ್ಞಾನ ಓದಿದವರಿಗೆ ಈ ಪ್ರಕರಣದ ರುಚಿ ಇರುವುದು ಮೇಲ್ಮನವಿಯಲ್ಲಿ. ವಿವಾದದ ತಿರುಳಾಗಿದ್ದದ್ದು ಪೇಟೆಂಟಿನ 36ರಿಂದ 38ನೆಯ ಹಕ್ಕುಗಳು. ಒಬ್ಬ ಬಳಕೆದಾರರಿಗೆ ಬೇರೆ ಬೇರೆ ಕೋರ್ಸುಗಳಲ್ಲಿ ಬೇರೆ ಬೇರೆ ಪಾತ್ರ ಇರಬಹುದು, ಒಂದರಲ್ಲಿ ವಿದ್ಯಾರ್ಥಿ, ಇನ್ನೊಂದರಲ್ಲಿ ಅಧ್ಯಾಪಕ. ಒಬ್ಬನೇ ನಟ ಎರಡು ಪಾತ್ರ ಕಟ್ಟುವುದನ್ನು ನಮ್ಮ ಮೇಳಗಳಲ್ಲೂ ನಾಟಕ ಕಂಪನಿಗಳಲ್ಲೂ ನೋಡಿ ಬೆಳೆದವರಿಗೆ ಇದು ಅಂಥ ದೊಡ್ಡ ಆವಿಷ್ಕಾರ ಅನ್ನಿಸಲಾರದು. ಒಂದೇ ಲಾಗಿನ್‌ನಿಂದ ಎರಡೂ ಪಾತ್ರ ಸಾಧ್ಯವಾಗಿಸಿದ್ದೇ ನಮ್ಮ ಹೊಸತನ ಎಂದಿತು ಬ್ಲಾಕ್‌ಬೋರ್ಡ್. ಆದರೆ ನೀವು ಬರೆದ ವಾಕ್ಯದಲ್ಲಿ ‘ಒಂದೇ ಲಾಗಿನ್’ ಎಂಬ ಶರತ್ತೇ ಇಲ್ಲವಲ್ಲ ಎಂದಿತು ಮೇಲ್ಮನವಿ ನ್ಯಾಯಾಲಯ. ಆ ಶರತ್ತು ಇಲ್ಲವೆಂದಾದರೆ ಹಳೆಯ ವ್ಯವಸ್ಥೆಗಳೂ ಅದನ್ನೇ ಮಾಡುತ್ತಿದ್ದವು. ಅಂಥ ಹಳೆಯ ವ್ಯವಸ್ಥೆಗಳಲ್ಲಿ ಒಂದು ಕೋರ್ಸ್‌ಇನ್ಫೋ, ಅಂದರೆ ಬ್ಲಾಕ್‌ಬೋರ್ಡಿನದೇ ಪೂರ್ವಜ! 2009ರ ಜುಲೈನಲ್ಲಿ ಆ ಹಕ್ಕುಗಳು ಬಿದ್ದುಹೋದವು. ವರ್ಷದ ಕೊನೆಗೆ ಎರಡು ಕಂಪನಿಗಳೂ ರಾಜಿಯಾದವು.

ಆಮೇಲಿನ ಇತಿಹಾಸ ನಿಮಗೆ ಗೊತ್ತಿರುವುದೇ. 2011ರಲ್ಲಿ ಕ್ಯಾನ್ವಾಸ್ ತನ್ನ ಕೋಡನ್ನು ಮುಕ್ತವಾಗಿಸಿ ಅಮೆರಿಕದ ಕಾಲೇಜುಗಳಿಗೆ ನುಗ್ಗಿತು. 2014ರ ಆಗಸ್ಟಿನಲ್ಲಿ ಗೂಗಲ್ ಕ್ಲಾಸ್‌ರೂಮ್ ಬಂತು. ಅದರ ಕೇಂದ್ರದಲ್ಲಿದ್ದದ್ದು ಹೋಮ್‌ವರ್ಕ್: ಒಂದು ಹಾಳೆಯನ್ನು ತರಗತಿಯ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಮಾಡಿ ಹಂಚುವುದು, ತಿದ್ದಿ ಮರಳಿಸುವುದು. ಸರ್ವರ್ ಬೇಡ, ತಂತ್ರಜ್ಞರು ಬೇಡ, ದುಡ್ಡೂ ಬೇಡ. 2020ರಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಅಷ್ಟೊಂದು ಶಿಕ್ಷಕರು ಅದರ ಕಡೆ ಹೋದದ್ದು ಈ ಸಲೀಸಿಗೇ. ನಮ್ಮ ದೇಶದ ದೀಕ್ಷಾ 2017ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ್ದು ಬೆಂಗಳೂರಿನ ಎಕ್‌ಸ್ಟೆಪ್ ರೂಪಿಸಿದ ಸನ್‌ಬರ್ಡ್ ಎಂಬ ಮುಕ್ತ ತಳಹದಿಯ ಮೇಲೆ. ಅದರ ಕೇಂದ್ರದಲ್ಲಿರುವುದು ಪಠ್ಯಪುಸ್ತಕ. ಪುಟದ ಮೇಲಿನ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ಆ ಪಾಠದ ವಿಡಿಯೊ ತೆರೆಯುತ್ತದೆ.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಸೌಲಭ್ಯಗಳ ಪಟ್ಟಿ ಮಾಡಿ ಟಿಕ್ ಹಾಕುವುದು ರೂಢಿ. ಪಟ್ಟಿಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಇತಿಹಾಸ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಪ್ರತಿಯೊಂದೂ ತಾನು ಹುಟ್ಟಿದ ಕಾರಣವನ್ನು ಮೈಮೇಲೆ ಹೊತ್ತುಕೊಂಡೇ ಇದೆ. ಮೂವತ್ತು ಮಕ್ಕಳಿಗೆ ಮನೆಗೆಲಸ ಹಂಚುವವರಿಗೆ ಗೂಗಲ್ ಕ್ಲಾಸ್‌ರೂಮ್ ಸಾಕು. ವರ್ಷಗಟ್ಟಲೆ ಪಾಠ ಕೂಡಿಡುವ, ಚರ್ಚೆ ನಡೆಸುವ ಕಾಲೇಜಿಗೆ ಮೂಡಲ್ ಒಗ್ಗುತ್ತದೆ, ಆದರೆ ಅದನ್ನು ನೋಡಿಕೊಳ್ಳುವವರು ಒಬ್ಬರು ಬೇಕೇ ಬೇಕು. ಉಚಿತ ಎಂಬ ಮಾತಿನಲ್ಲಿ ಆ ಒಬ್ಬರ ಸಂಬಳ ಸೇರಿರುವುದಿಲ್ಲ.

ಅನುವಾದದ ಕಸುಬಿನಲ್ಲಿರುವ ನನಗೆ ಇನ್ನೊಂದು ವ್ಯತ್ಯಾಸವೂ ಮುಖ್ಯ. ಕಂಪನಿಯ ವ್ಯವಸ್ಥೆಯಲ್ಲಿ ಯಾವ ಗುಂಡಿಯ ಮೇಲೆ ಯಾವ ಪದ ಇರಬೇಕು ಎಂದು ಕಂಪನಿ ತೀರ್ಮಾನಿಸುತ್ತದೆ. ಮೂಡಲ್‌ನಲ್ಲಿ ಸ್ವಯಂಸೇವಕರು ಕಟ್ಟುವ ಕನ್ನಡ ಆವೃತ್ತಿಯೊಂದಿದೆ. ಅದು ಇನ್ನೂ ಪೂರ್ತಿಯಾಗಿಲ್ಲ. ಹೊರನಾಡಿನಲ್ಲಿ ವಾರಾಂತ್ಯಕ್ಕೆ ಮಕ್ಕಳಿಗೆ ಅಕ್ಷರ ಕಲಿಸುವ ಕನ್ನಡ ಸಂಘಗಳಿಗೆ ಇದು ಸಣ್ಣ ಮಾತಲ್ಲ. ಪಾಠವೆಲ್ಲ ಕನ್ನಡದಲ್ಲಿದ್ದು, ಒಳಗೆ ಹೋಗುವುದಕ್ಕೂ ಉತ್ತರ ಒಪ್ಪಿಸುವುದಕ್ಕೂ ಇಂಗ್ಲಿಷೇ ಬೇಕಾದರೆ, ಕನ್ನಡ ಪಾಠದ ವಿಷಯ ಮಾತ್ರ, ಕಲಿಕೆಯ ಭಾಷೆಯಲ್ಲ ಎಂದು ಮಗು ತನ್ನಷ್ಟಕ್ಕೆ ತಿಳಿದುಕೊಳ್ಳುತ್ತದೆ.

ಹಾಗಾಗಿ ಯಾವುದನ್ನೇ ಆರಿಸುವ ಮುನ್ನ ಎರಡು ಪ್ರಶ್ನೆ ಕೇಳಿ. ನಾಳೆ ಈ ಕಂಪನಿ ಇನ್ನೊಂದರ ಪಾಲಾದರೆ ನಾನು ಬರೆದ ಪಾಠಗಳನ್ನು ಎತ್ತಿಕೊಂಡು ಹೊರಬರಬಹುದೇ? ಇಲ್ಲಿರುವ ಪದಗಳು ನನಗೆ ಸರಿಬರದಿದ್ದರೆ ತಿದ್ದಬಹುದೇ? ವೆಬ್‌ಸಿಟಿಯಲ್ಲಿ ವರ್ಷಗಟ್ಟಲೆ ಪಾಠ ಕಟ್ಟಿದ್ದ ಅಧ್ಯಾಪಕರಿಗೆ 2006ರ ನಂತರ ಮೊದಲನೆಯ ಪ್ರಶ್ನೆ ತಾನಾಗಿಯೇ ಎದುರಾಯಿತು. ಎರಡನೆಯದನ್ನು ಕೇಳಬೇಕಾದವರು ನಾವು.