ಅಕ್ಷರದ ಕೆಳಗಿನ ಗೆರೆ

ಹೋದ ವರ್ಷದ ರಾಜ್ಯೋತ್ಸವದ ಆಮಂತ್ರಣಪತ್ರವನ್ನು ಗಣಕಯಂತ್ರದಲ್ಲಿ ಅಣಿಗೊಳಿಸುವಾಗ ನಮ್ಮಿಂದ ಒಂದು ಸಣ್ಣ ಪ್ರಮಾದ ನಡೆಯಿತು. ‘ಕನ್ನಡ ರಾಜ್ಯೋತ್ಸವ’ ಎಂಬ ಶೀರ್ಷಿಕೆ ಎದ್ದು ಕಾಣಲೆಂದು ಅದರ ಕೆಳಗೆ ದಪ್ಪನೆಯ ಗೆರೆಯೊಂದನ್ನು ಎಳೆದೆವು. ರವಿವಾರದ ಕನ್ನಡ ಪಾಠಕ್ಕೆ ಬರುವ ಬಾಲಕಿಯೊಬ್ಬಳು ಅದನ್ನು ಕೈಗೆತ್ತಿಕೊಂಡು, ಒಂದೊಂದೇ ಅಕ್ಷರವನ್ನು ಕೂಡಿಸಿ ಓದಿದಳು: ‘ಕನಡ ರಾಜೋತವ’. ನಾವೆಲ್ಲ ನಕ್ಕೆವು. ಆದರೆ ಪತ್ರವನ್ನು ಮತ್ತೆ ನೋಡಿದಾಗ ನಗೆ ಅಲ್ಲಿಗೇ ನಿಂತಿತು. ನಕಾರದ ಒತ್ತು, ಯಕಾರದ ಒತ್ತು, ಸಕಾರದ ಒತ್ತು, ಮೂರೂ ಆ ಗೆರೆಯಲ್ಲಿ ಮುಳುಗಿಹೋಗಿದ್ದವು. ಮಗು ಕಂಡದ್ದನ್ನೇ ಓದಿತ್ತು. ತಪ್ಪು ಗೆರೆ ಎಳೆದ ನಮ್ಮದು.

ಈ ಗೆರೆ ನಮ್ಮ ಬರವಣಿಗೆಗೆ ಎಲ್ಲಿಂದ ಬಂದಿತೆಂದು ವಿಚಾರಿಸುತ್ತ ಹೋದರೆ ಸ್ವಾರಸ್ಯವಾದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ನಮ್ಮ ಹಿರಿಯರ ಓಲೆಗರಿಗಳಲ್ಲಿ ಮಾತಿನ ಕೆಳಗೆ ಗೆರೆ ಎಳೆದು ಒತ್ತಿ ಹೇಳುವ ವಾಡಿಕೆ ಇರಲಿಲ್ಲ. ಕಂಠದಿಂದ ಓಲೆಯ ಉದ್ದಕ್ಕೂ ನೇರವಾದ ಗೆರೆ ಕೊರೆದರೆ ಅದು ನಾರಿನ ಗುಂಟ ಸೀಳುವ ಭಯವಿದ್ದಿತು. ದಕ್ಷಿಣದ ಲಿಪಿಗಳು ದುಂಡಗಾದುದಕ್ಕೆ ಇದೂ ಒಂದು ಕಾರಣವೆಂದು ವಿದ್ವಾಂಸರು ಹೇಳುವುದುಂಟು. ಅವರು ಬಳಸಿದ್ದು ನಿಲುಗೆರೆಯನ್ನು, ಅಂದರೆ ದಂಡವನ್ನು. ಪದ್ಯದ ಅರ್ಧಕ್ಕೆ ಒಂದು ದಂಡ, ಕೊನೆಗೆ ಎರಡು. ಆ ಗೆರೆ ಅಕ್ಷರದ ಪಕ್ಕದಲ್ಲಿ ನಿಲ್ಲುತ್ತಿತ್ತೇ ಹೊರತು ಅಕ್ಷರವನ್ನು ಮುಟ್ಟುತ್ತಿರಲಿಲ್ಲ.

ಮುದ್ರಣ ಬಂದ ಮೇಲೂ ಪರಿಸ್ಥಿತಿ ಬಹಳ ಬದಲಾಗಲಿಲ್ಲ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು; 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯವು ಆರಂಭವಾಯಿತು. ಸೀಸದ ಮೊಳೆಗಳನ್ನು ಜೋಡಿಸುವ ಪದ್ಧತಿಯಲ್ಲಿ ಒಂದು ಮಾತಿನ ಕೆಳಗೆ ಗೆರೆ ಬೇಕಾದರೆ ಅಷ್ಟೇ ಉದ್ದದ ಲೋಹದ ಪಟ್ಟಿಯನ್ನು ಕತ್ತರಿಸಿ ಸಾಲಿನಡಿಯಲ್ಲಿ ಸೇರಿಸಬೇಕು. ಆ ಶ್ರಮವೇಕೆಂದು ಮುದ್ರಕರು ಮುಖ್ಯವಾದ ಮಾತಿಗೆ ದೊಡ್ಡ ಅಥವಾ ದಪ್ಪ ಮೊಳೆಯನ್ನೇ ಆರಿಸಿಕೊಳ್ಳುತ್ತಿದ್ದರು. ಗೆರೆಯ ಕೆಲಸ ಅಂಕಣ ವಿಭಜಿಸುವುದು, ಕೋಷ್ಟಕ ಕಟ್ಟುವುದು, ಅಧ್ಯಾಯ ಮುಗಿಸುವುದು, ಇಷ್ಟೇ ಆಗಿದ್ದಿತು.

ಹಾಗಾದರೆ ಅಡಿಗೆರೆ ಬಂದದ್ದೆಲ್ಲಿಂದ? ಇಂಗ್ಲಿಷ್ ಹಸ್ತಪ್ರತಿಗಳಲ್ಲಿ ಅದೊಂದು ಗುಪ್ತಸೂಚನೆ. ಮಾತಿನ ಕೆಳಗೆ ಒಂದು ಗೆರೆಯಿದ್ದರೆ ಓರೆ ಅಕ್ಷರ, ಎರಡಿದ್ದರೆ ಚಿಕ್ಕ ಗಾತ್ರದ ಕ್ಯಾಪಿಟಲ್, ಮೂರಿದ್ದರೆ ಪೂರ್ಣ ಕ್ಯಾಪಿಟಲ್ ಎಂದು ಕಂಪಾಸಿಟರ್ ತಿಳಿಯಬೇಕು. ಅಚ್ಚಾದ ಪುಟದಲ್ಲಿ ಆ ಗೆರೆ ಉಳಿಯುತ್ತಿರಲಿಲ್ಲ. ಮುಂದೆ ಅಮೆರಿಕದಲ್ಲಿ ಶೋಲ್ಸ್ ಮತ್ತು ಅವರ ಸಂಗಡಿಗರು 1868ರಲ್ಲಿ ಪೇಟೆಂಟ್ ಪಡೆದ ಟೈಪ್‌ರೈಟರ್ 1874ರಲ್ಲಿ ರೆಮಿಂಗ್ಟನ್ ಕಂಪನಿಯ ಮೂಲಕ ಮಾರಾಟಕ್ಕೆ ಬಂದಿತು. ಅಂಥ ಯಂತ್ರಗಳಲ್ಲಿ ಓರೆ ಅಕ್ಷರವೂ ಇಲ್ಲ, ದಪ್ಪ ಅಕ್ಷರವೂ ಇಲ್ಲ. ಆದುದರಿಂದ ಮಾತನ್ನು ಹೊಡೆದು, ಹಿಂದಕ್ಕೆ ಸರಿದು, ಅದರಡಿಯಲ್ಲಿ ಗೆರೆಯ ಕೀಲಿಯನ್ನು ಒತ್ತುವ ಉಪಾಯ ರೂಢಿಗೆ ಬಂದಿತು. ಕಂಪಾಸಿಟರನಿಗಾಗಿ ಇದ್ದ ಗೆರೆ ಹೀಗೆ ಓದುಗನ ಕಣ್ಣಿಗೆ ಬಿದ್ದಿತು. ಬಡತನದಿಂದ ಹುಟ್ಟಿದ ಉಪಾಯವೇ ಕಛೇರಿಯ ಶಿಷ್ಟಾಚಾರವಾಯಿತು!

1967ರಲ್ಲಿ ಆಸ್ಕಿ ಎಂಬ ಸಂಕೇತಪಟ್ಟಿಯ ಪರಿಷ್ಕರಣದಲ್ಲಿ ಅಡಿಗೆರೆಗೂ ಒಂದು ಸ್ಥಾನ ದೊರೆಯಿತು. 1978ರಲ್ಲಿ ಬಂದ ವರ್ಡ್‌ಸ್ಟಾರ್ ಮೊದಲ್ಗೊಂಡು ಮೈಕ್ರೋಸಾಫ್ಟ್ ವರ್ಡ್‌ವರೆಗೆ ವರ್ಡ್ ಪ್ರೊಸೆಸರುಗಳೆಲ್ಲ ಆ ಗೆರೆಯನ್ನು ಉಳಿಸಿಕೊಂಡವು. ದಪ್ಪ, ಓರೆ, ಅಡಿಗೆರೆ ಎಂಬ ಮೂರು ಗುಂಡಿಗಳು ಅಕ್ಕಪಕ್ಕದಲ್ಲಿ ನಿಂತವು. ಪುಟವನ್ನು ವಿಭಜಿಸುವ ಗೆರೆಯೂ ಸುಲಭವಾಯಿತು. ವರ್ಡ್‌ನಲ್ಲಿ ಕಿರುಗೆರೆಯ ಕೀಲಿಯನ್ನು ಮೂರು ಸಲ ಒತ್ತಿ ಎಂಟರ್ ಒತ್ತಿದರೆ ಪುಟದ ಅಡ್ಡಕ್ಕೂ ತೆಳುಗೆರೆ ಬರುತ್ತದೆ. ಸಮಚಿಹ್ನೆಯನ್ನು ಮೂರು ಸಲ ಒತ್ತಿದರೆ ಜೋಡಿಗೆರೆ, ನಕ್ಷತ್ರವನ್ನು ಒತ್ತಿದರೆ ಚುಕ್ಕಿಗೆರೆ. 1998ರಲ್ಲಿ ಬಂದ ‘ಬರಹ’, ಆಮೇಲಿನ ‘ನುಡಿ’ ಮುಂತಾದ ತಂತ್ರಾಂಶಗಳಿಂದ ನಮ್ಮ ಮನೆಗಳಲ್ಲಿಯೂ ಕನ್ನಡ ಬೆರಳಚ್ಚು ಸಾಧ್ಯವಾಯಿತು. ಅಕ್ಷರವೇನೋ ಕನ್ನಡದ್ದಾಯಿತು, ಅದನ್ನು ಸಿಂಗರಿಸುವ ಗುಂಡಿಗಳು ಇಂಗ್ಲಿಷಿನವೇ ಆಗಿ ಉಳಿದವು.

ಇಲ್ಲಿಯೇ ತೊಡಕಿರುವುದು. ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಜಿ, ಜೆ, ಪಿ, ಕ್ಯೂ, ವೈ ಎಂಬ ಐದರ ಬಾಲ ಮಾತ್ರ ಸಾಲಿನ ಕೆಳಗಿಳಿಯುತ್ತದೆ. ಬಾಲಕ್ಕೆ ಗೆರೆ ತಾಗಿದರೂ ಅಕ್ಷರ ತಿಳಿಯುತ್ತದೆ. ಮುಂಬಯಿಯ ಶಾಲೆಗಳಲ್ಲಿ ನಮ್ಮ ಮಕ್ಕಳು ಕಲಿಯುವ ದೇವನಾಗರಿಯ ಗೆರೆ ಇರುವುದು ಅಕ್ಷರದ ತಲೆಯ ಮೇಲೆ. ಕನ್ನಡಕ್ಕೆ ಸಾಲಿನುದ್ದದ ಶಿರೋರೇಖೆಯಿಲ್ಲ. ಅಕ್ಷರಕ್ಕೆ ತನ್ನದೇ ಆದ ತಲೆಕಟ್ಟು. ಆದರೆ ಅಕ್ಷರದ ಕೆಳಗಿನ ಜಾಗ ನಮ್ಮಲ್ಲಿ ಖಾಲಿ ನಿವೇಶನವಲ್ಲ. ಅಲ್ಲಿ ಒತ್ತಕ್ಷರ ವಾಸಿಸುತ್ತದೆ. ಒತ್ತು ಅಲಂಕಾರವಲ್ಲ, ಅದೊಂದು ಧ್ವನಿ. ಅದನ್ನು ಮರೆಮಾಡಿದರೆ ಕತ್ತೆ ಕತೆಯಾಗುತ್ತದೆ, ಬಳ್ಳಿ ಬಳಿಯಾಗುತ್ತದೆ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಯಾರೊಬ್ಬರೂ ಈ ಗೆರೆಯಿಂದ ಕ್ಷೇಮವಾಗಿ ಪಾರಾಗಲಾರರು.

ಊರಿನಲ್ಲಿ ಬೆಳೆದ ನಮಗೆ ಒತ್ತು ಮರೆಯಾದರೂ ಮಾತು ಹೊಳೆಯುತ್ತದೆ. ಕಿವಿ ಕಣ್ಣಿಗೆ ನೆರವಾಗುತ್ತದೆ. ಹೊರನಾಡಿನಲ್ಲಿ ಹುಟ್ಟಿ, ಅಂಗಡಿಯ ಹಲಗೆಯಲ್ಲಾಗಲಿ ಬಸ್ಸಿನ ಮೇಲಾಗಲಿ ಕನ್ನಡವನ್ನು ಕಾಣದ ಮಕ್ಕಳಿಗೆ ಆ ನೆರವಿಲ್ಲ. ಅವರಿಗೆ ನಾವು ಬರೆದುಕೊಟ್ಟ ನಾಲ್ಕು ಹಾಳೆಗಳೇ ಕನ್ನಡನಾಡು. ಆ ಹಾಳೆಯಲ್ಲಿ ಒತ್ತು ಕಾಣದಿದ್ದರೆ ಅವರ ನಾಲಗೆಯಲ್ಲಿಯೂ ಅದು ಹುಟ್ಟುವುದು ಕಷ್ಟ.

ಇತ್ತೀಚಿನ ಕೆಲವು ತಂತ್ರಾಂಶಗಳು ಅಕ್ಷರ ತಾಗುವ ಕಡೆ ಗೆರೆಯನ್ನೇ ತುಂಡರಿಸಿ ಜಾಗ ಬಿಡುತ್ತವೆ. ಇದು ಸಂತೋಷದ ಸಂಗತಿ. ಆದರೂ ಹಳೆಯ ಮುದ್ರಕರ ವಿವೇಕವೇ ಮೇಲೆಂದು ನಮಗೆ ತೋರುತ್ತದೆ. ಒತ್ತಿ ಹೇಳಬೇಕಾದ ಮಾತಿಗೆ ದಪ್ಪ ಅಥವಾ ದೊಡ್ಡ ಅಕ್ಷರವಿರಲಿ. ಗೆರೆ ಬೇಕೇ ಬೇಕೆಂದರೆ ಒತ್ತಿಗೆ ತಾಗದಂತೆ ಒಂದು ಸಾಲು ಕೆಳಗೆ, ಪುಟದ ಅಡ್ಡಕ್ಕೆ ಇರಲಿ.

ಈ ವರ್ಷದ ಆಮಂತ್ರಣವನ್ನು ಹಾಗೆಯೇ ಅಣಿಗೊಳಿಸಿ, ಅಚ್ಚಿಗೆ ಕಳಿಸುವ ಮೊದಲು ಅದೇ ಬಾಲಕಿಯ ಕೈಗೆ ಕೊಟ್ಟೆವು. ಅವಳು ತಡವರಿಸದೆ ಓದಿದಳು: ‘ಕನ್ನಡ ರಾಜ್ಯೋತ್ಸವ’. ಮೂರು ಒತ್ತುಗಳೂ ತಮ್ಮ ತಮ್ಮ ಮನೆಯಲ್ಲಿ ಸುಖವಾಗಿದ್ದವು.