ಆರಾಧನೆಯ ಹೊತ್ತಿನಲ್ಲಿ ಆಡಿದ ಗುಟ್ಟಿನ ಪಂದ್ಯ



ನಮ್ಮ ಜತ್ತ ತಾಲೂಕಿನ ಕಡೆ ಪಂದ್ಯ ಎಂದರೆ ಮೊದಲು ನೆನಪಾಗುವುದು ಕಬಡ್ಡಿ, ಇಲ್ಲವೇ ಕುಸ್ತಿ. ಬಾಸ್ಕೆಟ್‌ಬಾಲ್ ಆಟವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದು ಮೊಬೈಲಿನಲ್ಲೇ. ಆದರೂ ಈ ಸಲ ಅದರ ಇತಿಹಾಸದ ಒಂದು ಪುಟ ಬರೆಯುತ್ತಿದ್ದೇವೆ. ಯಾಕೆಂದರೆ ಈ ಆಟ ಹುಟ್ಟಿದ್ದೇ ಕ್ರೈಸ್ತ ಯುವಕರ ಸಂಘದಲ್ಲಿ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಇದನ್ನು ಕಟ್ಟಿದರು. ಅವರು ದೇವಶಾಸ್ತ್ರ ಓದಿದವರು. ಚಳಿಗೆ ಹೊರಗೆ ಆಡಲಾಗದ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮ ಬರೆದು ಆಡಿಸಿದರು. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಹತ್ತಿ ತೆಗೆಯಬೇಕಿತ್ತು!

ಈ ಆಟದಲ್ಲಿ ಒಂದೇ ರಾಜ್ಯದ ಎರಡು ಕಾಲೇಜುಗಳ ಪೈಪೋಟಿ ಎಂದರೆ ಜಗತ್ತೆಲ್ಲ ಹೇಳುವ ಹೆಸರು ನಾರ್ತ್ ಕೆರೊಲಿನಾ ರಾಜ್ಯದ್ದು. ಚಾಪೆಲ್ ಹಿಲ್ ಊರಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯ; ಡರಮ್ ಊರಿನಲ್ಲಿ ತಂಬಾಕಿನ ಶ್ರೀಮಂತರ ಹಣದಿಂದ ಬೆಳೆದ ಡ್ಯೂಕ್ ವಿಶ್ವವಿದ್ಯಾಲಯ. ನಡುವೆ ಸುಮಾರು 16 ಕಿಲೋಮೀಟರ್ ಅಷ್ಟೇ, ಸಾಂಗಲಿಯಿಂದ ಮಿರಜಿಗೆ ಹೋಗುವುದಕ್ಕಿಂತ ತುಸು ಹೆಚ್ಚು. ಮೊದಲ ಪಂದ್ಯ ನಡೆದದ್ದು 1920ರ ಜನವರಿಯಲ್ಲಿ. ಆಗ ಡ್ಯೂಕ್‌ಗೆ ಆ ಹೆಸರೇ ಇರಲಿಲ್ಲ, ಟ್ರಿನಿಟಿ ಕಾಲೇಜು ಎನ್ನುತ್ತಿದ್ದರು. 1961ರ ಫೆಬ್ರವರಿಯ ಪಂದ್ಯದಲ್ಲಿ ಆಟಗಾರರು ಅಂಗಳದಲ್ಲೇ ಹೊಡೆದಾಡಿಕೊಂಡರು. 1974ರಲ್ಲಿ ಇನ್ನು 17 ಸೆಕೆಂಡು ಉಳಿದಿರುವಾಗ 8 ಅಂಕ ಹಿಂದಿದ್ದ ಚಾಪೆಲ್ ಹಿಲ್ ತಂಡ ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ 96–92ರಿಂದ ಗೆದ್ದಿತು. 2022ರ ಏಪ್ರಿಲ್ 2ರಂದು ಎರಡೂ ತಂಡಗಳು ರಾಷ್ಟ್ರೀಯ ಟೂರ್ನಿಯಲ್ಲಿ ಮೊತ್ತಮೊದಲ ಬಾರಿಗೆ ಎದುರಾದವು. ಚಾಪೆಲ್ ಹಿಲ್ 81–77ರಿಂದ ಗೆದ್ದಿತು. 42 ವರ್ಷ ಡ್ಯೂಕ್ ತಂಡ ಕಟ್ಟಿದ ಮೈಕ್ ಶಶೆವ್ಸ್ಕಿ ಅವರ ಕೊನೆಯ ಪಂದ್ಯ ಅದೇ ಆಯಿತು.

ಇಷ್ಟು ಎಲ್ಲರಿಗೂ ಗೊತ್ತಿರುವ ಇತಿಹಾಸ. ಆದರೆ ಅದೇ ಡರಮ್ ಊರಿನ ಇನ್ನೊಂದು ಬದಿಗೆ ಮೂರನೆಯದೊಂದು ಕಾಲೇಜು ಇತ್ತು. ಅದರ ಬಾಸ್ಕೆಟ್‌ಬಾಲ್ ತಂಡ 1943–44ರಲ್ಲಿ ಇಡೀ ಹಂಗಾಮಿನಲ್ಲಿ ಸೋತದ್ದು ಒಂದೇ ಪಂದ್ಯ. ಡ್ಯೂಕ್ ಆಗಲಿ ಚಾಪೆಲ್ ಹಿಲ್ ಆಗಲಿ ಅದನ್ನು ಎದುರಾಳಿ ಎಂದು ಕರೆಯಲಿಲ್ಲ. ಅದು ಕಪ್ಪುವರ್ಣೀಯರ ಕಾಲೇಜು. ಇಂದಿನ ಹೆಸರು ನಾರ್ತ್ ಕೆರೊಲಿನಾ ಸೆಂಟ್ರಲ್ ವಿಶ್ವವಿದ್ಯಾಲಯ. ಆಗಿನ ಕಾನೂನಿನಂತೆ ಶಾಲೆ ಬೇರೆ, ಬಸ್ಸಿನಲ್ಲಿ ಸೀಟು ಬೇರೆ, ಕುಡಿಯುವ ನೀರಿನ ನಳ ಬೇರೆ. ಬೇರೆ ಬಾವಿ, ಬೇರೆ ಲೋಟದ ಕಥೆಯನ್ನು ಅಜ್ಜ ಅಜ್ಜಿಯರಿಂದ ಕೇಳಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇಶದ ದೊಡ್ಡ ಕಾಲೇಜು ಟೂರ್ನಿಗಳಿಗೂ ಆ ತಂಡಕ್ಕೆ ಪ್ರವೇಶವಿರಲಿಲ್ಲ.

ಆ ತಂಡದ ಕೋಚ್ ಜಾನ್ ಮೆಕ್‌ಲೆಂಡನ್. ಅವರು ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದಿದವರು, 1936ರಲ್ಲಿ ಪದವಿ ಪಡೆದರು. ಅಲ್ಲಿ ಅವರ ಮಾರ್ಗದರ್ಶಕರು ಯಾರು ಗೊತ್ತೇ? ಬುಟ್ಟಿ ಹೊಡೆದು ಆಟ ಶುರು ಮಾಡಿದ ಅದೇ ನೈಸ್ಮಿತ್. ಆಟ ಕಂಡುಹಿಡಿದ ಗುರುವಿನಿಂದಲೇ ಪಾಠ ಕೇಳಿದ ಹುಡುಗ, ಆದರೆ ಬಣ್ಣದ ಕಾರಣ ಆ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವಂತಿರಲಿಲ್ಲ. ಡರಮ್‌ಗೆ ಬಂದ ಮೇಲೆ ಮೆಕ್‌ಲೆಂಡನ್ ತಮ್ಮ ಹುಡುಗರಿಗೆ ಓಟದ ಆಟ ಕಲಿಸಿದರು. ಚೆಂಡು ಕೈಗೆ ಸಿಕ್ಕ ಕೂಡಲೇ, ಎದುರಾಳಿ ತಿರುಗಿ ನಿಲ್ಲುವ ಮೊದಲೇ ಆ ತುದಿಗೆ ಓಡಬೇಕು. ಅಂದಿನ ನಿಧಾನ ಆಟಕ್ಕೆ ಇದು ಹೊಸದು.

ಆ ಚಳಿಗಾಲದಲ್ಲಿ ಡ್ಯೂಕ್‌ನಲ್ಲೂ ಒಂದು ವಿಶೇಷವಿತ್ತು. ಯುದ್ಧದ ಕಾಲ, ಬೇರೆ ಬೇರೆ ಕಾಲೇಜುಗಳಲ್ಲಿ ಆಡಿ ಪಳಗಿದವರು ಸೇನೆಯ ಯೋಜನೆಯಡಿ ವೈದ್ಯಕೀಯ ಓದಲು ಅಲ್ಲಿಗೆ ಬಂದಿದ್ದರು. ಅವರದೇ ಒಂದು ತಂಡ, ಬಹಳ ಬಲವಾದದ್ದು. ಇತ್ತ ಎರಡೂ ಕಾಲೇಜುಗಳ ವೈಎಂಸಿಎ ವಿದ್ಯಾರ್ಥಿಗಳು ಯಾರಿಗೂ ತಿಳಿಯದಂತೆ ಕೂಡುತ್ತಿದ್ದರು. ಊರಿನಲ್ಲಿ ಒಳ್ಳೆಯ ತಂಡ ಯಾವುದು ಎಂಬ ಮಾತು ಅಲ್ಲಿ ಬಂತು. ಮಾತು ಸವಾಲಾಯಿತು.

ಮೆಕ್‌ಲೆಂಡನ್ ಆರಿಸಿದ ದಿನ 1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ. ಯಾಕೆ ಭಾನುವಾರ? ಊರೆಲ್ಲ ಚರ್ಚಿನಲ್ಲಿ ಇರುತ್ತದೆ, ಬೀದಿ ಖಾಲಿ ಇರುತ್ತದೆ ಎಂದು. ಡ್ಯೂಕ್ ಹುಡುಗರು ಎರವಲು ತಂದ ಕಾರುಗಳಲ್ಲಿ ಸುತ್ತು ದಾರಿ ಹಿಡಿದು ಬಂದರು. ಕಾರಿನಿಂದ ಇಳಿದು ಕೋಟನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ನುಗ್ಗಿದರು. ಬಾಗಿಲಿಗೆ ಬೀಗ ಬಿತ್ತು. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಆದರೂ ಸುಳಿವು ಸಿಕ್ಕ ಕೆಲವು ಹುಡುಗರು ಕಿಟಕಿ ಹತ್ತಿ ಇಣುಕಿದರು (ಹುಡುಗರು ಎಲ್ಲ ಊರಿನಲ್ಲೂ ಒಂದೇ).

ಮೊದಲ ಕೆಲವು ನಿಮಿಷ ಎರಡೂ ಕಡೆ ಕೈ ನಡುಕ. ಪಾಸ್ ತಪ್ಪುತ್ತಿತ್ತು, ಸುಲಭದ ಎಸೆತವೂ ಬೀಳುತ್ತಿರಲಿಲ್ಲ. ಆಮೇಲೆ ಮೆಕ್‌ಲೆಂಡನ್ ಹುಡುಗರು ಓಡತೊಡಗಿದರು. ಕೊನೆಗೆ ಅಂಕ 88–44.

ಅಲ್ಲಿಗೆ ಅವರು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ತುಸು ದಣಿವಾರಿಸಿಕೊಂಡು, ಎರಡೂ ತಂಡಗಳನ್ನು ಬೆರೆಸಿ ಹೊಸದಾಗಿ ಎರಡು ತಂಡ ಮಾಡಿಕೊಂಡರು. ಒಂದು ಅಂಗಿ ತೊಟ್ಟದ್ದು, ಇನ್ನೊಂದು ಅಂಗಿ ಬಿಚ್ಚಿದ್ದು. ಬಿಳಿಯ ಹುಡುಗ ಕಪ್ಪು ಹುಡುಗನಿಗೆ ಪಾಸ್ ಕೊಟ್ಟ, ಅವನು ಇವನಿಗೆ ಕೊಟ್ಟ. ಆಟ ಮುಗಿದ ಮೇಲೆ ಹಾಸ್ಟೆಲಿಗೆ ಹೋಗಿ ಕೂತು ಹರಟಿದರು. ನಮ್ಮ ಲೆಕ್ಕದಲ್ಲಿ 88–44ಕ್ಕಿಂತ ಈ ಎರಡನೆಯ ಆಟವೇ ದೊಡ್ಡದು. ಮೊದಲನೆಯದರಲ್ಲಿ ಅವರು ಎದುರಾಳಿಗಳಾದರು, ಎರಡನೆಯದರಲ್ಲಿ ಜೊತೆಗಾರರಾದರು, ಅದೂ ಒಂದೇ ಬೆಳಿಗ್ಗೆ.

ಒಂದು ಮಾತು ಮಾತ್ರ ನಮ್ಮನ್ನು ಚುಚ್ಚುತ್ತದೆ. ಆ ಹೊತ್ತಿನಲ್ಲಿ ಬಿಳಿಯರು ತಮ್ಮ ಚರ್ಚಿನಲ್ಲಿ, ಕಪ್ಪುವರ್ಣೀಯರು ತಮ್ಮ ಚರ್ಚಿನಲ್ಲಿ ಒಬ್ಬನೇ ಕರ್ತನನ್ನು ಸ್ತುತಿಸುತ್ತಿದ್ದರು. ಬಾಗಿಲಿಗೆ ಬೀಗ ಹಾಕಿದ್ದು ಯಾರಿಗೆ ಹೆದರಿ? ಇನ್ನೊಂದು ಗಂಟೆಯಲ್ಲಿ ಆರಾಧನೆ ಮುಗಿಸಿ ಬೀದಿಗೆ ಬರುವವರಿಗೆ. ಅವರಲ್ಲಿ ಪೊಲೀಸರೂ ಇದ್ದಾರು.

ಹೆದರಿಕೆ ಸುಮ್ಮನೆ ಇರಲಿಲ್ಲ. ನಾಲ್ಕೇ ತಿಂಗಳಿಗೆ, ಜುಲೈ 8ರಂದು, ಡರಮ್‌ನಲ್ಲಿ ಬುಕರ್ ಸ್ಪೈಸ್ಲಿ ಎಂಬ ಕಪ್ಪುವರ್ಣೀಯ ಸೈನಿಕನನ್ನು ಬಸ್ ಚಾಲಕನೊಬ್ಬ ಗುಂಡಿಟ್ಟು ಕೊಂದ. ಹಿಂದಿನ ಸೀಟಿಗೆ ಹೋಗುವ ವಿಷಯಕ್ಕೆ ಎದ್ದ ಜಗಳ ಅದು. ಬಿಳಿಯರೇ ಇದ್ದ ಜ್ಯೂರಿ ಚಾಲಕನನ್ನು ಬಿಡುಗಡೆ ಮಾಡಿತು.

ಹಾಗಾಗಿ ಆಡಿದವರೆಲ್ಲ ಬಾಯಿ ಮುಚ್ಚಿಕೊಂಡರು. ಸುದ್ದಿ ತಿಳಿದ ಪತ್ರಕರ್ತನೂ ಬರೆಯಲಿಲ್ಲ. 1996ರಲ್ಲಿ ಸ್ಕಾಟ್ ಎಲ್ಸ್‌ವರ್ತ್ ಎಂಬ ಇತಿಹಾಸಕಾರರು ನ್ಯೂಯಾರ್ಕ್ ಟೈಮ್ಸ್‌ನ ವಾರದ ಸಂಚಿಕೆಯಲ್ಲಿ ಬರೆದಾಗಲೇ ಲೋಕಕ್ಕೆ ಗೊತ್ತಾದದ್ದು. ಅಷ್ಟರಲ್ಲಿ 52 ವರ್ಷ ಕಳೆದಿತ್ತು.

ಎರಡು ದೊಡ್ಡ ಕಾಲೇಜುಗಳ ಬಾಗಿಲು ನಿಧಾನಕ್ಕೆ ತೆರೆಯಿತು. ಚಾಪೆಲ್ ಹಿಲ್ ಕಪ್ಪುವರ್ಣೀಯರನ್ನು ಪದವಿ ತರಗತಿಗೆ ಸೇರಿಸಿಕೊಂಡದ್ದು 1955ರಲ್ಲಿ, ಅದೂ ನ್ಯಾಯಾಲಯ ಹೇಳಿದ ಮೇಲೆ. ಡ್ಯೂಕ್‌ನಲ್ಲಿ 1963ರವರೆಗೆ ಕಾಯಬೇಕಾಯಿತು. ಚಾಪೆಲ್ ಹಿಲ್‌ನ ಕೋಚ್ ಡೀನ್ ಸ್ಮಿತ್ 1966ರಲ್ಲಿ ಚಾರ್ಲಿ ಸ್ಕಾಟ್ ಎಂಬ ಹುಡುಗನನ್ನು ಕ್ರೀಡಾ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡರು. ಕಾಲೇಜು ತೋರಿಸಲು ಕರೆದಿದ್ದಾಗ ಸ್ಮಿತ್ ಅವನನ್ನು ತಮ್ಮದೇ ಚರ್ಚಿಗೂ ಜೊತೆಯಲ್ಲಿ ಕರೆದೊಯ್ದಿದ್ದರು. 1969ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಟೂರ್ನಿಯ ಅಂತಿಮ ಪಂದ್ಯ, ಎದುರಿಗೆ ಡ್ಯೂಕ್. ಅರ್ಧ ಆಟಕ್ಕೆ ಚಾಪೆಲ್ ಹಿಲ್ ಹಿಂದಿತ್ತು. ಸ್ಕಾಟ್ ಒಬ್ಬನೇ 40 ಅಂಕ ಗಳಿಸಿದ, 85–74ರಿಂದ ಗೆದ್ದರು.

ಮೆಕ್‌ಲೆಂಡನ್ ಮುಂದೆ ಟೆನೆಸ್ಸೀ ರಾಜ್ಯದ ಕಾಲೇಜೊಂದಕ್ಕೆ 1957, 1958, 1959ರಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಅವರು ತೀರಿಕೊಂಡದ್ದು 1999ರಲ್ಲಿ. ನೈಸ್ಮಿತ್ ಹೆಸರಿನ ಬಾಸ್ಕೆಟ್‌ಬಾಲ್ ಗೌರವ ಭವನ 1979ರಲ್ಲಿ ಆಟಕ್ಕೆ ಸೇವೆ ಸಲ್ಲಿಸಿದವರು ಎಂದು ಅವರನ್ನು ಸೇರಿಸಿಕೊಂಡಿತ್ತು. ಕೋಚ್ ಎಂದು ಸೇರಿಸಿಕೊಂಡದ್ದು 2016ರಲ್ಲಿ.