ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಪೂರ್ವಪರಂಪರೆ

ರಾಜ್ಯಭಾರವನ್ನು ಹೊಗಳುವವರೂ ತೆಗಳುವವರೂ ಎಲ್ಲ ಕಾಲದಲ್ಲಿಯೂ ಸುಲಭವಾಗಿ ದೊರೆಯುತ್ತಾರೆ. ಅದರ ಲೆಕ್ಕವನ್ನು ಕೇಳುವವರು ವಿರಳ. ಕೇಳಿ ಪಡೆದ ಲೆಕ್ಕವನ್ನು ಸಮಚಿತ್ತದಿಂದ ಓದಿ, ಇದು ಯುಕ್ತ, ಇದು ಅಯುಕ್ತ, ಇದಕ್ಕೆ ಬದಲಾಗಿ ಹೀಗೆ ಮಾಡಬಹುದು ಎಂದು ಹೇಳಬಲ್ಲವರು ಇನ್ನೂ ವಿರಳ. ಅಂತಹ ಪರೀಕ್ಷಕರು ಪ್ರಜೆಗಳಲ್ಲಿಯೇ ಹುಟ್ಟಿ ಬೆಳೆಯಬೇಕೆಂಬ ಉದ್ದೇಶದಿಂದ ಶ್ರೀಮಾನ್ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಗೋಖಲೆಯವರು ಕಾಲವಾಗಿ ಆಗ ಮೂವತ್ತು ವರ್ಷಗಳಾಗಿದ್ದುವು. ಮೈಸೂರು ಸೀಮೆಯ ಸಂಸ್ಥೆಗೆ ಪುಣೆಯ ಮಹನೀಯರೊಬ್ಬರ ಹೆಸರೇಕೆ ಎಂಬುದನ್ನು ಅರಿಯಬೇಕಾದರೆ ಪುಣೆಯಿಂದಲೇ ಆರಂಭಿಸಬೇಕು.

1870ರಲ್ಲಿ ಆ ನಗರದಲ್ಲಿ ಸಾರ್ವಜನಿಕ ಸಭೆಯೆಂಬ ಸಂಘವು ಹುಟ್ಟಿತು. ಮರುವರ್ಷ ನ್ಯಾಯಾಧಿಕಾರಿಯಾಗಿ ಅಲ್ಲಿಗೆ ಬಂದ ಮಹಾದೇವ ಗೋವಿಂದ ರಾನಡೆಯವರು ಅದರ ಬುದ್ಧಿಬಲವಾದರು. ನಮ್ಮವರು ಧಾತು ಈಶ್ವರ ಕ್ಷಾಮವೆಂದು ನೆನೆಯುವ 1876-78ರ ಘೋರಕಾಲದಲ್ಲಿ ಈ ಸಭೆಯು ಹಳ್ಳಿಹಳ್ಳಿಗಳ ಸ್ಥಿತಿಯನ್ನು ವಿಚಾರಿಸಿ, ವಿವರಗಳನ್ನು ಒಟ್ಟುಗೂಡಿಸಿ, ಮುಂಬಯಿ ಸರಕಾರಕ್ಕೆ ಮೇಲಿಂದ ಮೇಲೆ ಬರೆದುಕೊಂಡಿತು. 1878ರಲ್ಲಿ ತನ್ನದೇ ಒಂದು ತ್ರೈಮಾಸಿಕವನ್ನು ಹೊರಡಿಸಿತು. ಸರಕಾರದ ವರದಿಗಳಲ್ಲಿರುವ ಅಂಕಿಗಳನ್ನೇ ಹಿಡಿದು ಸರಕಾರವನ್ನು ಪ್ರಶ್ನಿಸುವುದು ಇವರ ಕ್ರಮ. ಗೋಪಾಲಕೃಷ್ಣ ಗೋಖಲೆಯವರು ರಾನಡೆಯವರ ಶಿಷ್ಯರಾಗಿ ಈ ಪಾಠಶಾಲೆಯಲ್ಲಿ ಪಳಗಿದರು. ಆದರೆ 1895ರಲ್ಲಿ ಸಭೆಯ ಆಡಳಿತವು ತಿಲಕರ ಪಕ್ಷದವರ ಕೈಸೇರಲು, ರಾನಡೆಯವರ ಕಡೆಯವರು ಹೊರಬಂದು ಮರುವರ್ಷ ದಖ್ಖಣ ಸಭೆಯನ್ನು ಕಟ್ಟಬೇಕಾಯಿತು. ಇಪ್ಪತ್ತೈದು ವರ್ಷಗಳ ಅಧ್ಯಯನದ ಮನೆಯು ಪಕ್ಷಭೇದದಿಂದ ಇಬ್ಭಾಗವಾಯಿತು.

ಗೋಖಲೆಯವರ ಜೀವನದಲ್ಲಿ ಅದಕ್ಕಿಂತಲೂ ಕಠಿನವಾದ ಪಾಠವೊಂದು 1897ರಲ್ಲಿ ಒದಗಿತು. ಅವರು ವೆಲ್ಬಿ ಆಯೋಗದ ಮುಂದೆ ಭಾರತದ ಹಣಕಾಸಿನ ವಿಷಯದಲ್ಲಿ ಸಾಕ್ಷ್ಯ ನುಡಿಯಲು ಇಂಗ್ಲೆಂಡಿಗೆ ಹೋಗಿದ್ದರು. ಪುಣೆಯಲ್ಲಿ ಪ್ಲೇಗು ನಿವಾರಣೆಗೆಂದು ನೇಮಿಸಿದ್ದ ಸೈನಿಕರು ಸ್ತ್ರೀಯರ ಮೇಲೆ ಅತ್ಯಾಚಾರ ನಡೆಸಿದರೆಂದು ಸ್ನೇಹಿತರಿಂದ ಬಂದ ಕಾಗದಗಳನ್ನು ನಂಬಿ, ಅಲ್ಲಿಯ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಸ್ವದೇಶಕ್ಕೆ ಹಿಂದಿರುಗಿದಾಗ, ಬರೆದವರಲ್ಲಿ ಯಾರೂ ಪ್ರಮಾಣವನ್ನು ಕೊಟ್ಟು ಮುಂದೆ ನಿಲ್ಲಲಿಲ್ಲ. ಗೋಖಲೆಯವರು ಬಹಿರಂಗವಾಗಿ ಕ್ಷಮೆ ಬೇಡಿದರು. ಸ್ವಜನರೇ ಅವರನ್ನು ಹೇಡಿಯೆಂದು ಹಳಿದರು. ಪ್ರಮಾಣವಿಲ್ಲದ ಮಾತು, ಅದು ಸತ್ಯವೇ ಆಗಿದ್ದರೂ, ಆಡಿದವನ ಕೈಯಲ್ಲಿ ನಿಲ್ಲಲಾರದೆಂಬುದನ್ನು ಅವರು ಆ ಅವಮಾನದಿಂದ ಕಲಿತರು.

ಕಲಿತುದರ ಫಲವು 1902ನೆಯ ಮಾರ್ಚಿಯಲ್ಲಿ ಕಾಣಿಸಿತು. ಇಂಪೀರಿಯಲ್ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ಅವರು ಮಾಡಿದ ಮೊದಲನೆಯ ಭಾಷಣವದು. ಬೊಕ್ಕಸದಲ್ಲಿ ಕೋಟಿಗಟ್ಟಲೆ ಹಣ ಉಳಿದಿದೆಯೆಂದು ಸರಕಾರವು ಹಿಗ್ಗುತ್ತಿದ್ದಾಗ, ಕ್ಷಾಮದಿಂದ ಜನ ಸಾಯುತ್ತಿರುವ ದೇಶದಲ್ಲಿ ಉಳಿದ ಹಣವು ಸಮೃದ್ಧಿಯ ಗುರುತಾಗಲಾರದು, ಅಗತ್ಯಕ್ಕೆ ಮೀರಿ ತೆಗೆದ ತೆರಿಗೆಯ ಗುರುತು ಎಂದು ಅವರು ಸರಕಾರದ ಲೆಕ್ಕದಿಂದಲೇ ತೋರಿಸಿಕೊಟ್ಟರು. ಆಗ ಉಪ್ಪಿನ ಸುಂಕವು ಮಣವೊಂದಕ್ಕೆ ಎರಡೂವರೆ ರೂಪಾಯಿ. ಅದು 1903ರಲ್ಲಿ ಎರಡು, 1905ರಲ್ಲಿ ಒಂದೂವರೆ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು. ಒಬ್ಬರ ಭಾಷಣದಿಂದಲೇ ಇದೆಲ್ಲ ಆಯಿತೆನ್ನುವುದು ಅತಿಶಯೋಕ್ತಿ. ಆದರೆ ವರ್ಷವರ್ಷವೂ ಆ ಬೇಡಿಕೆಯನ್ನು ಅಲ್ಲಗಳೆಯಲಾಗದ ರೀತಿಯಲ್ಲಿ ಮಂಡಿಸಿದವರಲ್ಲಿ ಗೋಖಲೆಯವರು ಅಗ್ರಗಣ್ಯರು.

ಎಲ್ಲ ಸಲವೂ ಗೆಲುವು ದೊರೆಯಲಿಲ್ಲ. ಪ್ರಾಥಮಿಕ ವಿದ್ಯಾಭ್ಯಾಸವನ್ನು ಕ್ರಮಕ್ರಮವಾಗಿ ಕಡ್ಡಾಯಗೊಳಿಸಬೇಕೆಂದು 1911ರಲ್ಲಿ ಅವರು ತಂದ ಮಸೂದೆಯು ಮರುವರ್ಷ 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ಆದರೆ ಮೈಸೂರು ಸಂಸ್ಥಾನವು ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಅದೇ ಉದ್ದೇಶದ ಶಾಸನವನ್ನು ಮಾಡಿತು. ಒಂದು ಸಭೆಯಲ್ಲಿ ಸೋತ ವಿಚಾರವು ಇನ್ನೊಂದು ನೆಲದಲ್ಲಿ ಬೇರುಬಿಡಬಲ್ಲದೆಂಬುದಕ್ಕೆ ಇದು ನಿದರ್ಶನ.

ಮೈಸೂರಿನ ನೆಲವೂ ಇದಕ್ಕೆ ಹದಗೊಂಡಿತ್ತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಕರೆದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದಿದ್ದರು. ಅವರು ಕಷ್ಟಸುಖಗಳನ್ನು ಅರಿಕೆಮಾಡಿಕೊಳ್ಳಬಹುದಾಗಿತ್ತು, ನಿರ್ಣಯಿಸುವ ಅಧಿಕಾರವಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂದಿತು. ಕೇಳುವ ಸ್ಥಾನವು ಹೀಗೆ ದೊರೆತ ಮೇಲೆ, ಕೇಳಬೇಕಾದುದೇನೆಂಬ ತಿಳಿವಳಿಕೆಯೂ ಬೆಳೆಯಬೇಕಾಗಿತ್ತು.

ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗದಿದ್ದರೂ ಸ್ವಪ್ರಯತ್ನದಿಂದ ವಿದ್ವಾಂಸರಾದವರು. 1913ರಲ್ಲಿ ಇಂಗ್ಲಿಷಿನಲ್ಲಿ "ಕರ್ನಾಟಕ" ಪತ್ರಿಕೆಯನ್ನು ಆರಂಭಿಸಿ ಸಂಸ್ಥಾನದ ಆಡಳಿತವನ್ನು ವಿಮರ್ಶಿಸಿದರು. ಕೆಲವು ವರ್ಷ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿಯೂ ದುಡಿದರು. ಗೋಖಲೆಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಮುಂದೆ ತಾವು ಕಟ್ಟಿದ ಸಂಸ್ಥೆಯಲ್ಲಿ ಅವರು ಕೂಡಿಸಿದ್ದು ಪುಸ್ತಕಭಂಡಾರ, ಉಪನ್ಯಾಸ, ಅಧ್ಯಯನಗೋಷ್ಠಿ, ಪತ್ರಿಕೆ ಇವುಗಳನ್ನು. ಚುನಾವಣೆಗೆ ಅಭ್ಯರ್ಥಿಗಳನ್ನು ನಿಲ್ಲಿಸುವುದು ಅದರ ಕೆಲಸವಾಗಿರಲಿಲ್ಲ.

ಪಕ್ಷಾತೀತವೆಂದರೆ ಅಭಿಪ್ರಾಯಶೂನ್ಯವೆಂದು ಭಾವಿಸಬಾರದು. ಗೋಖಲೆಯವರೇ 1905ರಲ್ಲಿ ಕಾಶಿಯ ಕಾಂಗ್ರೆಸಿನ ಅಧ್ಯಕ್ಷರಾಗಿದ್ದರು. ಅವರಿಗೆ ಪಕ್ಷವಿತ್ತು, ಪಕ್ಷಕ್ಕೋಸ್ಕರ ಲೆಕ್ಕವನ್ನು ಬಾಗಿಸುವ ಅಭ್ಯಾಸವಿರಲಿಲ್ಲ. ಬೆಂಗಳೂರಿನ ಸಂಸ್ಥೆಯು ಅವರಿಂದ ಪಡೆಯಬಯಸಿದ ಆಸ್ತಿ ಇದೇ. ಸಂಸ್ಥೆ ಹುಟ್ಟಿದ ಎರಡೇ ವರ್ಷಕ್ಕೆ, 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯವೂ ಮೈಸೂರಿಗೆ ಜವಾಬ್ದಾರಿ ಸರಕಾರವೂ ಬಂದುವು. 1951-52ರ ಚುನಾವಣೆಯಲ್ಲಿ ವಯಸ್ಕರೆಲ್ಲರೂ ಮತದಾರರಾದರು. ಅಧಿಕಾರವು ಜನರ ಕೈಗೆ ಒಂದೇ ದಿನದಲ್ಲಿ ಬರಬಹುದು. ಅದನ್ನು ಬಳಸುವ ವಿವೇಕವು ಹಾಗೆ ಬರಲಾರದು. ಆ ಅಂತರವನ್ನು ತುಂಬುವ ಹೊಣೆಯನ್ನು ಹೊತ್ತ ಸಂಸ್ಥೆಗೆ ಅಧಿಕಾರದ ಆಸರೆಯಾಗಲಿ ಪಕ್ಷದ ನಿಧಿಯಾಗಲಿ ಇರಲಿಲ್ಲ.

1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡು ಗುಂಡಪ್ಪನವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಗಳನ್ನು ಅರ್ಪಿಸಿತು. ಅಷ್ಟನ್ನೂ ಅವರು ಸಂಸ್ಥೆಗೆ ಕೊಟ್ಟುಬಿಟ್ಟರು. 1975ರಲ್ಲಿ ಅವರು ಕಾಲವಾದರು. ನರಸಿಂಹರಾಜ ಕಾಲೊನಿಯಲ್ಲಿ ಸಂಸ್ಥೆಯು ಇಂದಿಗೂ ಇದೆ. ಬಾಗಿಲು ತೆರೆದಿದೆ, ಪುಸ್ತಕಗಳಿವೆ. ಬಂದು ಕುಳಿತು ಲೆಕ್ಕವನ್ನು ಓದುವ ತಾಳ್ಮೆಯನ್ನು ಮಾತ್ರ ಪ್ರತಿಯೊಂದು ತಲೆಮಾರೂ ತನ್ನೊಡನೆ ತರಬೇಕಾಗಿದೆ.